ಹಿಡಿದುಕೊಂಡಳಾ, ಅವುಚಿಕೊಂಡಳಾ? ಬಿಗಿ ಹಿಡಿತದ ಪದಗಳಲ್ಲಿ ಯಾವುದು ಎಲ್ಲಿಗೆ

ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಒಬ್ಬ ಹೆಂಗಸು ಕೂತಿದ್ದಾಳೆ, ಮಡಿಲಲ್ಲಿ ಒಂದು ಚೀಲ ಇದೆ ಅಂತ ಇಟ್ಟುಕೊಳ್ಳಿ. "ಚೀಲ ಹಿಡಿದುಕೊಂಡಿದ್ದಳು" ಅಂತ ಬರೆದರೆ ಅಲ್ಲಿ ವಿಶೇಷ ಏನೂ ಇಲ್ಲ. "ಗಟ್ಟಿಯಾಗಿ ಹಿಡಿದುಕೊಂಡಿದ್ದಳು" ಅಂದರೆ ಬಸ್ಸು ಕುಲುಕುತ್ತಿರಬೇಕು, ಅಷ್ಟೇ. "ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು" ಅಂತ ಬರೆದು ನೋಡಿ. ಚೀಲದಲ್ಲಿ ದುಡ್ಡೋ, ಒಡವೆಯೋ, ಆಸ್ಪತ್ರೆಯ ಕಾಗದವೋ ಏನೋ ಇದೆ, ಅದು ಕೈ ತಪ್ಪಿದರೆ ಅವಳ ಗತಿ ಕಷ್ಟ ಅನ್ನೋದು ಓದುವವರಿಗೆ ಯಾರೂ ಹೇಳದೆಯೇ ಗೊತ್ತಾಗಿಬಿಡುತ್ತದೆ.

ಇಷ್ಟು ಕೆಲಸ ಮಾಡುವ ಪದ ನಮ್ಮ ಮನೆ ಮಾತಿನಲ್ಲೇ ಇದೆ. ಆದರೂ ಈಚೆಗೆ ಕಥೆ, ಸುದ್ದಿ, ಮಕ್ಕಳ ಪುಸ್ತಕ, ಸಿನಿಮಾದ ಅಡಿಬರಹ, ಎಲ್ಲಿ ನೋಡಿದರೂ "ಗಟ್ಟಿಯಾಗಿ ಹಿಡಿದುಕೊಂಡ" ಅನ್ನುವ ಒಂದೇ ಮಾತು. ಮಗುವನ್ನೂ ಗಟ್ಟಿಯಾಗಿ ಹಿಡಿ, ಹಗ್ಗವನ್ನೂ ಗಟ್ಟಿಯಾಗಿ ಹಿಡಿ, ಕತ್ತನ್ನೂ ಗಟ್ಟಿಯಾಗಿ ಹಿಡಿ. ನನಗೆ ಇದು ನಿಜಕ್ಕೂ ಬೇಜಾರು ತರಿಸುತ್ತದೆ. ಕನ್ನಡದಲ್ಲಿ ಬಿಗಿ ಹಿಡಿತಕ್ಕೆ ಕಡಿಮೆ ಅಂದರೂ ಹತ್ತು ಹನ್ನೆರಡು ಪದಗಳಿವೆ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಹಾಗಾಗಿ ಯಾವುದನ್ನು ಎಲ್ಲಿ ಆರಿಸಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ, ಜೊತೆಗೆ ಅವು ಎಲ್ಲಿಂದ ಬಂದವು ಅನ್ನುವುದನ್ನೂ, ಯಾಕಂದರೆ ಹುಟ್ಟು ಗೊತ್ತಾದರೆ ಆಯ್ಕೆ ಸುಲಭ.

ಆರಿಸುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಮುಚ್ಚಿಕೊಳ್ಳುತ್ತಿರುವುದು ಯಾವುದು: ಮುಷ್ಟಿಯಾ, ಎರಡು ತೋಳಾ, ಹಗ್ಗವಾ, ಹಲ್ಲಾ? ಹಿಡಿತಕ್ಕೆ ಸಿಕ್ಕಿದ್ದಕ್ಕೆ ಏನಾಗುತ್ತಿದೆ: ಅದು ಉಳಿಯುತ್ತಾ, ಜಜ್ಜಿ ಹೋಗುತ್ತಾ?

ಹಿಡಿ: ಎಲ್ಲರ ಅಣ್ಣ

ಹಳಗನ್ನಡದಲ್ಲಿ ಇದು ಪಿಡಿ. ಹಳಗನ್ನಡದ ಕೊನೆಯ ಘಟ್ಟದಲ್ಲಿ ಶುರುವಾಗಿ ನಡುಗನ್ನಡದಲ್ಲಿ ನೆಲೆಯಾದ ಒಂದು ದೊಡ್ಡ ಬದಲಾವಣೆಯಲ್ಲಿ ಪದದ ಮೊದಲಿನ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಿಡಿ ಹಿಡಿಯಾಯಿತು. ತಮಿಳು, ಮಲಯಾಳಂನವರು ಇವತ್ತಿಗೂ ಪಿಡಿ ಅಂತಲೇ ಅನ್ನುತ್ತಾರೆ. ತೆಲುಗಿನಲ್ಲಿ ಮುಷ್ಟಿಗೆ ಪಿಡಿಕಿಲಿ ಅನ್ನುವ ಪದ ಇದೆ. ನಮ್ಮಲ್ಲೂ "ಒಂದು ಹಿಡಿ ಅಕ್ಕಿ" ಅಂದಾಗ ಹಿಡಿ ಅಂದರೆ ಮುಷ್ಟಿ ತುಂಬ. ಕುಡುಗೋಲಿನ ಹಿಡಿ ಅಂದರೆ ಮುಷ್ಟಿಯಲ್ಲಿ ಕೂರುವ ಭಾಗ. ಅಂದರೆ ಈ ಪದದ ಮನೆ ಮುಷ್ಟಿ, ಬೆರಳು ಮಡಚಿ ಮುಚ್ಚುವ ಕೈ.

ಹಳಗನ್ನಡದಲ್ಲಿ ಹೆಣ್ಣಾನೆಗೂ ಪಿಡಿ ಅನ್ನುತ್ತಿದ್ದರು, ತಮಿಳಿನಲ್ಲೂ ಹಾಗೇ. ಜಂಬೂಸವಾರಿಯಲ್ಲಿ ಅಂಬಾರಿ ಹೊತ್ತ ಆನೆಯ ಆಚೆ ಈಚೆ ನಡೆಯುವ ಹೆಣ್ಣಾನೆಗಳನ್ನು ಹಳೆಯ ಕವಿ ಯಾರಾದರೂ ನೋಡಿದ್ದರೆ ಪಿಡಿ ಅಂತಲೇ ಬರೆಯುತ್ತಿದ್ದರು. ಅದು ಬೇರೆ ಪದ, ಉಚ್ಚಾರ ಮಾತ್ರ ಒಂದೇ. ಹಳೆಯ ಪದ್ಯ ಓದುವಾಗ ಇದು ನೆನಪಿರಲಿ.

ಹಿಡಿ ಎಷ್ಟು ದೂರ ಹೋಗಿದೆ ಅಂದರೆ ಅದರಲ್ಲಿ ಬಿಗಿ ಅನ್ನುವ ಅರ್ಥವೇ ಈಗ ತೆಳುವಾಗಿದೆ. ಶೀತ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಹಾಲು ತಳ ಹಿಡಿಯುತ್ತದೆ, ಜಡಿಮಳೆ ಹಿಡಿಯುತ್ತದೆ, ರೈತನ ಹೆಸರಲ್ಲಿರುವ ಜಮೀನು ಹಿಡುವಳಿ. ಚಂದ್ರನಿಗೆ ಗ್ರಹಣ ಹಿಡಿಯುತ್ತದೆ, ಗ್ರಹಣ ಅನ್ನುವ ಸಂಸ್ಕೃತ ಪದದ ಅರ್ಥವೂ ಹಿಡಿಯುವುದೇ. ಪಾತ್ರೆಯಲ್ಲಿ ಇಷ್ಟು ಹಿಡಿಸುತ್ತೆ ಅನ್ನುತ್ತೇವೆ, ಹುಡುಗ ಹಿಡಿಸಲಿಲ್ಲ ಅಂತಲೂ ಅನ್ನುತ್ತೇವೆ. ಇಷ್ಟು ಕಡೆ ದುಡಿಯುವ ಪದ ಒಂದೇ ಜಾಗದಲ್ಲಿ ಜೋರಾಗಿ ಕೇಳಿಸುವುದಿಲ್ಲ. ಅದಕ್ಕೇ ಜನ ಪಕ್ಕದಲ್ಲಿ "ಗಟ್ಟಿಯಾಗಿ" ಸೇರಿಸುತ್ತಾರೆ.

ಸೇರಿಸುವುದಾದರೆ ಅಲ್ಲೂ ಆಯ್ಕೆ ಇದೆ. ಗಟ್ಟಿಯಾಗಿ ಅಂದರೆ ಬಲ ಹಾಕಿ. ಬಿಗಿಯಾಗಿ ಅಂದರೆ ಸಡಿಲ ಇಲ್ಲದಂತೆ. ಭದ್ರವಾಗಿ ಅಂದರೆ ಬೀಳದಂತೆ, ಕಳೆಯದಂತೆ. ಅಜ್ಜಿ ಮೊಮ್ಮಗನ ಕೈಗೆ ನೂರು ರೂಪಾಯಿ ಕೊಟ್ಟು "ಭದ್ರವಾಗಿ ಹಿಡ್ಕೊಂಡು ಹೋಗು" ಅನ್ನುತ್ತಾಳೆಯೇ ಹೊರತು "ಬಿಗಿಯಾಗಿ" ಅನ್ನುವುದಿಲ್ಲ. ಇನ್ನು ನಮ್ಮ ಕಡೆ "ಗಟ್ಟಿಯಾಗಿ" ಅಂದರೆ ಜೋರು ದನಿಯಲ್ಲಿ ಅಂತಲೂ ಆಗುತ್ತದೆ. ಒಂದೇ ಸಾಲಿನಲ್ಲಿ ಮಾತೂ ಹಿಡಿತವೂ ಎರಡೂ ಬಂದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ, ನೋಡಿಕೊಳ್ಳಿ.

ಇನ್ನೊಂದು, ಇದು ಬಹಳ ಮುಖ್ಯ. "ಕಳ್ಳನನ್ನು ಹಿಡಿದರು" ಅಂದರೆ ಕಳ್ಳ ಸಿಕ್ಕಿಬಿದ್ದ. "ಕಳ್ಳನನ್ನು ಹಿಡಿದುಕೊಂಡರು" ಅಂದರೆ ಸಿಕ್ಕಿದವನು ಓಡದಂತೆ ತಡೆದು ನಿಂತರು. ಹಿಡಿದ ಅನ್ನುವುದು ಒಂದು ಕ್ಷಣದ ಕೆಲಸ, ಹಿಡಿದುಕೊಂಡ ಅನ್ನುವುದು ಸ್ವಲ್ಪ ಹೊತ್ತು ನಡೆಯುವ ಕೆಲಸ. ಬಿಗಿ ಹಿಡಿತದ ಬಗ್ಗೆ ಬರೆಯುವಾಗ ಬಹುತೇಕ ನಿಮಗೆ ಬೇಕಾಗುವುದು "ಕೊಳ್ಳು" ಇರುವ ರೂಪ. ಈ ಚಿಕ್ಕ ಕ್ರಿಯಾಪದ ಹಿಡಿದವರ ಸ್ವಂತ ಅಗತ್ಯವನ್ನೂ ಹೇಳುತ್ತದೆ. ಹೊಟ್ಟೆ ನೋವು ಬಂದವನು ಹೊಟ್ಟೆ ಅಮುಕಿಕೊಳ್ಳುತ್ತಾನೆ. ವೈದ್ಯರು ಅದೇ ಹೊಟ್ಟೆಯನ್ನು ಬರೀ ಅಮುಕಿ ನೋಡುತ್ತಾರೆ.

ಅಪ್ಪು, ತಬ್ಬು, ಅವುಚು

ಮೂರೂ ತೋಳಿನ ಕೆಲಸ. ಮೂರನ್ನೂ ಒಂದರ ಬದಲು ಒಂದು ಬಳಸುವವರೇ ಜಾಸ್ತಿ, ಆದರೆ ವ್ಯತ್ಯಾಸ ಸಣ್ಣದಲ್ಲ.

ಅಪ್ಪು ಮೂರರಲ್ಲಿ ಗಂಭೀರವಾದದ್ದು. ತಮಿಳಿನಲ್ಲಿ ಅಪ್ಪು ಅಂದರೆ ದಪ್ಪಗೆ ಮೆತ್ತುವುದು, ಹಚ್ಚುವುದು. ನಮ್ಮಲ್ಲಿ ಅದು ಮೈಗೆ ಮೈ ಸೇರುವ ಅಪ್ಪುಗೆ ಆಯಿತು. ಮಾತಿನಲ್ಲಿಗಿಂತ ಬರಹದಲ್ಲಿ ಜಾಸ್ತಿ. "ಸಾವನ್ನಪ್ಪಿದರು" ಅಂತ ದಿನಪತ್ರಿಕೆಗಳು ದಿನಾ ಬರೆಯುತ್ತವಲ್ಲ, ಅಲ್ಲಿರುವುದೂ ಇದೇ ಅಪ್ಪು. ಈ ಪದವನ್ನು ಎಷ್ಟು ಚೆನ್ನಾಗಿ ಆರಿಸಬಹುದು ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಹಿಮಾಲಯದ ತಪ್ಪಲಲ್ಲಿ 1973ರಲ್ಲಿ ಮರ ಉಳಿಸಲು ಶುರುವಾದ ಚಳವಳಿ ಚಿಪ್ಕೋ. ಹಿಂದಿಯಲ್ಲಿ ಚಿಪಕ್ನಾ ಅಂದರೆ ಅಂಟಿಕೊಳ್ಳುವುದು. ಹತ್ತು ವರ್ಷದ ಮೇಲೆ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಕಡಿಯದಂತೆ ತಡೆದಾಗ ಆ ಚಳವಳಿಯ ಹೆಸರು ಅಪ್ಪಿಕೋ ಆಯಿತು. ಅಕ್ಷರಕ್ಕೆ ಅಕ್ಷರ ನೋಡಿದ್ದರೆ ಅಂಟಿಕೋ ಅನ್ನಬೇಕಿತ್ತು. ಅಂಟಿಕೋ ಅಂದಿದ್ದರೆ ಗೋಂದು ನೆನಪಾಗುತ್ತಿತ್ತು. ಅಪ್ಪಿಕೋ ಅಂದಾಗ ಮರ ನಮ್ಮ ಮನೆಯವರಾಯಿತು. ಮರ ದಪ್ಪ ಇದ್ದರೆ ತೋಳು ಸುತ್ತಿ ಬರುವುದೂ ಇಲ್ಲ, ಬಿಗಿ ಹಿಡಿತ ಆಗುವುದೂ ಇಲ್ಲ, ಆದರೂ ಆ ಪದ ಸಾಕು. ಅಪ್ಪುವಿನಲ್ಲಿ ಬಲಕ್ಕಿಂತ ಒಪ್ಪಿಗೆ ಮುಖ್ಯ.

ತಬ್ಬು ಹಾಗಲ್ಲ. ಇದರಲ್ಲಿ ಮೈಯ ಬಿಸಿ ಇದೆ, ಆತುರ ಇದೆ. ಬಾಚಿ ತಬ್ಬಿಕೊಂಡ ಅನ್ನುತ್ತೇವೆ. ಬಾಚಿ ಅಪ್ಪಿಕೊಂಡ ಅಂದರೂ ತಪ್ಪಿಲ್ಲ, ಆದರೆ ಕಿವಿಗೆ ತಬ್ಬಿಕೊಂಡಷ್ಟು ಸರಿಯಾಗಿ ಕೂರುವುದಿಲ್ಲ. ತಬ್ಬುವಿನ ಹುಟ್ಟು ಹಿಂದೆ ಹೋದರೆ ಕನ್ನಡ ಕಳೆದುಕೊಂಡ ಒಂದು ಅಕ್ಷರ ಸಿಗುತ್ತದೆ. ತಮಿಳಿನಲ್ಲಿ ಈ ಪದ ತೞುವು. ಆ ೞಕಾರ ಹಳಗನ್ನಡದಲ್ಲೂ ಇತ್ತು, 13ನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜ ಅದರ ಬಗ್ಗೆ ಬಿಡಿಸಿ ಹೇಳಿದ್ದಾನೆ. ಮಾತಿನಲ್ಲಿ ಅದು ಮರೆಯಾಗುತ್ತಾ ಬಂದಾಗ, ಪಕ್ಕದಲ್ಲಿ ಇನ್ನೊಂದು ವ್ಯಂಜನ ಇದ್ದ ಕಡೆ ೞ ಮೊದಲು ರಕಾರವಾಯಿತು, ಆಮೇಲೆ ಪಕ್ಕದ ಅಕ್ಷರದಲ್ಲೇ ಕರಗಿ ಒತ್ತಕ್ಷರವಾಯಿತು. ಕೞ್ತೆ ಕತ್ತೆಯಾದದ್ದು ಹೀಗೆ. ತರ್ಬು ತಬ್ಬು ಆದದ್ದೂ ಹೀಗೆ. ತೆಕ್ಕೆ ಅನ್ನುವ ಪದವೂ ಇದೇ ಮನೆಯದು, ತೞ್ಕೆ ಅದರ ಹಳೆಯ ರೂಪ. ಒಂದು ತೆಕ್ಕೆ ಹುಲ್ಲು ಅಂದರೆ ಎರಡು ತೋಳಲ್ಲಿ ತಬ್ಬಿ ಎತ್ತುವಷ್ಟು ಹುಲ್ಲು. ಹಿಡಿ ಹುಲ್ಲಿಗೂ ತೆಕ್ಕೆ ಹುಲ್ಲಿಗೂ ಇರುವ ದೂರವೇ ಮುಷ್ಟಿಗೂ ತೋಳಿಗೂ ಇರುವ ದೂರ.

ಈಗ ಅವುಚು. ನನಗೆ ತುಂಬಾ ಇಷ್ಟವಾದ ಪದ, ತುಂಬಾ ಕಡಿಮೆ ಬಳಕೆಯಾಗುತ್ತಿರುವ ಪದ ಕೂಡ. ಹಳ್ಳಿ ಕಡೆ "ಔಚ್ಕೊಂಡು" ಅಂತ ಕೇಳಿಸುತ್ತದೆ, ಅಲ್ವಾ? ಇದು ಅಮುಕು, ಅವುಕು ಅನ್ನುವ ಪದಗಳ ಬಳಗ. ಹಳಗನ್ನಡದಲ್ಲಿ ಅವುಂಕು, ತಮಿಳಿನಲ್ಲಿ ಅಮುಕ್ಕು. ಮಕಾರ ವಕಾರ ಅದಲು ಬದಲಾಗುವುದು ನಮಗೆ ಹೊಸದಲ್ಲ. ತಮಿಳಿನ ತಾಮರೈ ನಮ್ಮ ತಾವರೆ, ತಮಿಳಿನ ಮಾಮನ್ ನಮ್ಮ ಮಾವ. ಹಾಗಾಗಿ ಅವುಚುವಿನ ಬೇರು ತಬ್ಬುವುದರಲ್ಲಿ ಇಲ್ಲ, ಒತ್ತುವುದರಲ್ಲಿ ಇದೆ. ಒಂದನ್ನು ನಮ್ಮ ಮೈಗೇ ಒತ್ತಿ ಹಿಡಿಯುವುದು. ಅದಕ್ಕೇ ಇದರ ಜೊತೆ "ಎದೆಗೆ", "ಕಂಕುಳಲ್ಲಿ", "ಹೊಟ್ಟೆಗೆ" ಅನ್ನುವ ಮಾತುಗಳು ತಾವಾಗಿ ಬರುತ್ತವೆ. ಕೈಯಲ್ಲಿ ಅವುಚಿಕೊಳ್ಳಲು ಆಗುವುದಿಲ್ಲ, ಮೈ ಬೇಕೇ ಬೇಕು.

ಒಂದೇ ತಾಯಿ ಮಗುವನ್ನು ಮೂರು ಪದದಲ್ಲಿ ಇಟ್ಟು ನೋಡಿ. ಮಗ ಪರೀಕ್ಷೆ ಪಾಸಾಗಿ ಬಂದ, ತಾಯಿ ತಬ್ಬಿಕೊಂಡಳು. ಮುನಿಸಿಕೊಂಡು ಮನೆ ಬಿಟ್ಟು ಹೋಗಿದ್ದವನು ವರ್ಷಗಳಾದ ಮೇಲೆ ಬಂದ, ತಾಯಿ ಅವನನ್ನು ಅಪ್ಪಿಕೊಂಡಳು. ರಾತ್ರಿ ಗುಡುಗು ಸಿಡಿಲು, ಸೋರುವ ಮನೆ, ತಾಯಿ ಮಗುವನ್ನು ಅವುಚಿಕೊಂಡು ಮೂಲೆಯಲ್ಲಿ ಕೂತಳು. ಮೂರನೆಯದರಲ್ಲಿ ಭಯ ಇದೆ, ಕಾಯುವುದು ಇದೆ, ಹೊರಗಿನಿಂದ ಏನೋ ಬಂದು ಕಿತ್ತುಕೊಂಡೀತು ಅನ್ನುವುದು ಇದೆ. ಇದರ ಗುಟ್ಟು ಇಷ್ಟೇ: ಕಿತ್ತುಕೊಳ್ಳುವವರು ಯಾರೋ ಇದ್ದಾರೆ ಅಂತ ಅನ್ನಿಸಬೇಕಾದ ಕಡೆ ಅವುಚು ಹಾಕಿ. ಚಾಮುಂಡಿ ಬೆಟ್ಟದಲ್ಲಿ ತಾಯಿ ಕೋತಿ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ನೆಗೆಯುವಾಗ ಮರಿ ಅದರ ಹೊಟ್ಟೆಗೆ ಅವುಚಿಕೊಂಡಿರುತ್ತದೆ. ಅಲ್ಲಿ ತಬ್ಬು ಹಾಕಿದರೆ ಮುದ್ದು ಬರುತ್ತದೆ, ಜೀವಭಯ ಬರುವುದಿಲ್ಲ.

ಆದರೆ ಸಂತೋಷದ ಜಾಗದಲ್ಲಿ ಅವುಚು ಬೇಡ. ಮದುವೆ ಮನೆಯಲ್ಲಿ ಗೆಳತಿಯರು ಒಬ್ಬರನ್ನೊಬ್ಬರು ಅವುಚಿಕೊಂಡರು ಅಂದರೆ ಏನೋ ಅನಾಹುತ ಆಗಿದೆ ಅಂತ ಓದುವವರು ಗಾಬರಿ ಬೀಳುತ್ತಾರೆ. ಇನ್ನು ಆಲಿಂಗನ ಅನ್ನುವ ಪದ ನಾಟಕಕ್ಕೆ, ಪುರಾಣದ ಪ್ರಸಂಗಕ್ಕೆ ಚೆಂದ. ಅಶೋಕಾ ರಸ್ತೆಯಲ್ಲಿ ಹಳೆಯ ಗೆಳೆಯ ಸಿಕ್ಕಾಗ ಸುಮ್ನೆ ತಬ್ಬಿಕೊಳ್ಳಿ.

ಸಿಕ್ಕಿದ್ದಕ್ಕೆ ನೋವಾಗುವ ಹಿಡಿತ

ಇಲ್ಲಿ ಪದ ತಪ್ಪಿದರೆ ಅರ್ಥವೇ ತಪ್ಪುತ್ತದೆ. ಅಮುಕು, ಅದುಮು ಎರಡರಲ್ಲೂ ಭಾರ ಒಂದು ಕಡೆಯಿಂದ ಬೀಳುತ್ತದೆ. ಅಮುಕುವುದಕ್ಕೆ ಕೆಳಗೆ ಏನಾದರೂ ತಡೆಯುವುದು ಇರಬೇಕು, ನೆಲವೋ ಮಂಚವೋ. ಅದುಮುವುದು ಇರುವ ಜಾಗದೊಳಗೆ ತುರುಕಿ ಒತ್ತುವುದು: ಚೀಲಕ್ಕೆ ಹೊಟ್ಟು ಅದುಮಿ ತುಂಬುತ್ತಾರೆ, ಬರುವ ಅಳುವನ್ನು ಅದುಮಿಕೊಳ್ಳುತ್ತಾರೆ. ಮನಸ್ಸಿನ ಮಾತಿಗೆ ಅದುಮುವೇ ಸರಿ. "ಸಿಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ" ಅಂತ ಬರೆದದ್ದನ್ನು ನೋಡಿದ್ದೇನೆ. ಅದು ಕನ್ನಡದ ಮಾತಲ್ಲ. ಸಿಟ್ಟನ್ನು ಅದುಮಿಟ್ಟುಕೊಂಡ ಅನ್ನಿ, ಇಲ್ಲವೇ ನುಂಗಿಕೊಂಡ ಅನ್ನಿ.

ಹಿಸುಕು ಎರಡು ಕಡೆಯಿಂದ ಮುಚ್ಚುವ ಹಿಡಿತ. ಮೊದಲು ಪಿಸುಕು ಇತ್ತು, ತೆಲುಗಿನಲ್ಲಿ ಈಗಲೂ ಪಿಸುಕು, ತಮಿಳಿನಲ್ಲಿ ಹಿಟ್ಟು ನಾದುವುದಕ್ಕೆ ಪಿಸೈ ಅನ್ನುವ ಹತ್ತಿರದ ಪದ ಇದೆ. ಕತ್ತು ಹಿಡಿದ ಅಂದರೆ ತಳ್ಳುವುದಕ್ಕೆ ಹಿಡಿದಿರಬಹುದು, ಕತ್ತು ಹಿಸುಕಿದ ಅಂದರೆ ಕೊಲ್ಲುವುದಕ್ಕೆ. ಸುದ್ದಿ ಬರೆಯುವವರು ಇದನ್ನು ಎಚ್ಚರಿಕೆಯಿಂದ ಆರಿಸಬೇಕು, ಯಾಕಂದರೆ ಇಲ್ಲಿ ಒಬ್ಬ ಮನುಷ್ಯನ ಮೇಲಿನ ಆರೋಪವೇ ಬದಲಾಗುತ್ತದೆ.

ಹಿಂಡು ಅಂದರೆ ಒಳಗಿನದು ಹೊರಗೆ ಬರಬೇಕು. ನಿಂಬೆಹಣ್ಣು ಹಿಂಡು, ಒದ್ದೆ ಬಟ್ಟೆ ಹಿಂಡು. ಕಿವಿ ಹಿಂಡಿದರೆ ರಸ ಬರುವುದಿಲ್ಲ, ಆದರೂ ಆ ತಿರುಚುವ ಕೈ ಅದೇ. ತೆಲುಗಿನ ಪಿಂಡು ಇದರ ಜೊತೆಯದು, ಅಲ್ಲಿ ಹಸುವಿನ ಹಾಲನ್ನೂ ಪಿಂಡುತ್ತಾರೆ. ಉತ್ತರ ಕರ್ನಾಟಕದಲ್ಲೂ ಹಾಲು ಹಿಂಡುತ್ತಾರೆ, ನಮ್ಮ ಮೈಸೂರು ಮಂಡ್ಯದ ಕಡೆ ಹಾಲು ಕರೆಯುತ್ತಾರೆ. ನಿಮ್ಮ ಕಥೆ ಮದ್ದೂರಿನ ಹಟ್ಟಿಯಲ್ಲಿ ನಡೆಯುತ್ತಿದ್ದರೆ ಕರೆ ಅಂತಲೇ ಬರೆಯಿರಿ. ಸಾರಿಗೆ ನೆನೆಸಿದ ಹುಣಸೆಹಣ್ಣನ್ನು ಮಾತ್ರ ಹಿಂಡುವುದಲ್ಲ, ಕಿವುಚುವುದು. ಬೆರಳುಗಳು ನೀರೊಳಗೆ ಮತ್ತೆ ಮತ್ತೆ ಮುಚ್ಚಿ ತೆರೆಯುವ ಹಿಡಿತಕ್ಕೆ ಅದೊಂದೇ ಪದ.

ಬಿಗಿ, ಕಚ್ಚು, ಪಟ್ಟು

ಬಿಗಿ ಕೈಯದ್ದಲ್ಲ, ಹಗ್ಗದ್ದು. ಗಾಡಿಗೆ ತುಂಬಿದ ಕಬ್ಬಿಗೆ ಹಗ್ಗ ಬಿಗಿಯುತ್ತಾರೆ, ನಟ್ಟು ಬಿಗಿಯುತ್ತಾರೆ. ದುಃಖ ಬಂದರೆ ಗಂಟಲು ಬಿಗಿಯುತ್ತದೆ, ಯಾರೂ ಹಿಡಿಯದೆ ತಾನೇ. ಇದೇ ಇದರ ಗುಣ, ಹಿಡಿಯುವವರು ಕಾಣಿಸದಿದ್ದರೂ ನಡೆಯುತ್ತದೆ. ಕೈಯದ್ದನ್ನು ಹೇಳಬೇಕಾದರೆ "ಬಿಗಿಹಿಡಿ" ಅಂತ ಜೋಡಿಸಿ. ಉಸಿರು ಬಿಗಿಹಿಡಿದು ನೋಡಿದೆವು ಅನ್ನುತ್ತೇವಲ್ಲ, ಆ ಜಾಗಕ್ಕೆ ಬೇರೆ ಯಾವ ಪದವೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ.

ಕಚ್ಚು ಹಲ್ಲಿನ ಹಿಡಿತ, ಹಳಗನ್ನಡದಲ್ಲಿ ಕರ್ಚು. ಕ್ರಿಕೆಟ್ಟಿನಲ್ಲಿ ಕ್ರೀಸ್ ಕಚ್ಚಿ ನಿಂತ ಅಂದರೆ ಹೊಗಳಿಕೆ. ಆದರೆ ಗಾಳಿ ಮಳೆಗೆ ಭತ್ತದ ಪೈರು ನೆಲ ಕಚ್ಚಿತು ಅಂದರೆ ರೈತನಿಗೆ ನಷ್ಟ. ಎರಡರಲ್ಲೂ ಕಚ್ಚುವುದೇ, ಅರ್ಥ ಮಾತ್ರ ತಿರುಗುಮುರುಗು. "ನೆಲ ಕಚ್ಚಿ ನಿಂತ ಹೋರಾಟಗಾರ" ಅಂತ ಬರೆಯಬೇಡಿ, ಓದುವವರಿಗೆ ಸೋಲು ಕಾಣಿಸುತ್ತದೆ.

ಪಟ್ಟು ನಾಮಪದ. ಮೈಸೂರಿನ ಗರಡಿಗಳಲ್ಲಿ ಇದು ದಿನದ ಮಾತು: ಪಟ್ಟು ಹಾಕುವುದು, ಪಟ್ಟಿಗೆ ಪ್ರತಿಪಟ್ಟು ಹಾಕುವುದು, ಪಟ್ಟು ಬಿಡಿಸಿಕೊಳ್ಳುವುದು. ತೆಲುಗಿನಲ್ಲಿ ಪಟ್ಟು ಅಂದರೆ ಹಿಡಿ ಅನ್ನುವ ಕ್ರಿಯಾಪದವೇ, ತುಳುವಿನಲ್ಲಿ ಅದು ಪತ್ತ್, ತಮಿಳಿನಲ್ಲಿ ಪಱ್ಱು. ಕನ್ನಡದಲ್ಲಿ ಇದೇ ಬೇರಿನ ಹಳೆಯ ಪತ್ತು ಈಗ ಹತ್ತು ಆಗಿದೆ. ಬೆಂಕಿ ಹತ್ತಿತು, ಬಟ್ಟೆಗೆ ಬಣ್ಣ ಹತ್ತಿತು, ಮರ ಹತ್ತಿದ, ಈ ಎಲ್ಲದರಲ್ಲೂ ಇರುವುದು ಅಂಟಿ ಹಿಡಿಯುವ ಅರ್ಥ. ಪಟ್ಟು ಅಖಾಡದಿಂದ ಹೊರಗೆ ಬಂದು ಮನಸ್ಸಿನ ಹಿಡಿತ ಆಗಿದೆ. ಕಾವೇರಿ ನೀರಿಗೆ ರೈತರು ಪಟ್ಟು ಹಿಡಿದು ಕೂರುತ್ತಾರೆ, ಆಟಿಕೆಗೆ ಮಗು ಹಟ ಹಿಡಿಯುತ್ತದೆ. ರೈತರದ್ದನ್ನು ಹಟ ಅಂತ ಬರೆದರೆ ಅವರನ್ನು ಮಗುವಿನ ಜಾಗದಲ್ಲಿ ಕೂರಿಸಿದ ಹಾಗೆ. ಪಟ್ಟು ಅನ್ನಿ, ಅದರಲ್ಲಿ ಎದುರಾಳಿ ಇದ್ದಾನೆ, ಬಿಟ್ಟರೆ ಸೋಲು ಅನ್ನುವ ಲೆಕ್ಕ ಇದೆ. ಇನ್ನೂ ಜೋರು ಬೇಕಾದರೆ ಉಡದ ಪಟ್ಟು. ತೆಲುಗಿನವರೂ ಇದನ್ನೇ ಉಡುಂ ಪಟ್ಟು ಅನ್ನುತ್ತಾರೆ.

ಮಾತಿನಲ್ಲಿ ಬರೆಯುವಾಗ

ಪಾತ್ರಗಳ ಬಾಯಲ್ಲಿ ಹೇಳಿಸುವುದಾದರೆ ಇನ್ನೊಂದು ಆಯ್ಕೆ ಮಾಡಬೇಕಾಗುತ್ತದೆ. ಮಂಡ್ಯದ ಹಳ್ಳಿ ಮಾತಿನಲ್ಲಿ ಮೊದಲಿನ ಹಕಾರ ಬಿದ್ದುಹೋಗುತ್ತದೆ, ಹಾಲು ಆಲಾಗುತ್ತದೆ, ಹಿಡಿ ಇಡಿಯಾಗುತ್ತದೆ. ಪಿಡಿ, ಹಿಡಿ, ಇಡಿ, ಹೀಗೆ ಒಂದು ಸಾವಿರ ವರ್ಷದ ದಾರಿ. "ಗಟ್ಟಿಯಾಗಿ ಇಡ್ಕೊ ಕಣ್ಲಾ" ಅಂತ ಗಾಡಿ ಹೊಡೆಯುವವನು ಮಗನಿಗೆ ಹೇಳುತ್ತಾನೆ. ಬಾಯಿಮಾತಿನಲ್ಲಿ "ಗಟ್ಟಿಯಾಗಿ" ನನಗೂ ಒಪ್ಪಿಗೆ, ಜನ ಹಾಗೇ ಮಾತಾಡುವುದು. ತೊಂದರೆ ಬರುವುದು ಬರೀ "ಇಡ್ಕೊ" ಅಂತ ಬರೆದಾಗ. ಓದುವವರು ಅದನ್ನು ಇಟ್ಟುಕೋ ಅಂತ ತಿಳಿದುಬಿಡಬಹುದು. "ಈ ದುಡ್ಡು ಇಡ್ಕೊ" ಅಂದರೆ ಸ್ವಲ್ಪ ಹೊತ್ತು ಹಿಡಿದುಕೋ ಅಂತಲೋ, ನೀನೇ ಇಟ್ಟುಕೋ ಅಂತಲೋ? ಕೇಳುವಾಗ ಸನ್ನೆಯಲ್ಲಿ, ದನಿಯಲ್ಲಿ ಗೊತ್ತಾಗುತ್ತದೆ, ಕಾಗದದ ಮೇಲೆ ಗೊತ್ತಾಗುವುದಿಲ್ಲ. ಅಂಥ ಕಡೆ "ಕೈಲಿ ಇಡ್ಕೊ", "ಕಂಬಿ ಇಡ್ಕೊ" ಅಂತ ಪಕ್ಕದಲ್ಲಿ ಒಂದು ಪದ ಸೇರಿಸಿ. ಊರಿನ ಮಾತೂ ಉಳಿಯುತ್ತದೆ, ಅರ್ಥವೂ ತಪ್ಪುವುದಿಲ್ಲ.

ಅನುಮಾನ ಬಂದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ತೆರೆದು ನೋಡಿ. ಹಳೆಯ ರೂಪ, ತಮಿಳು ತೆಲುಗು ತುಳುವಿನ ನೆಂಟ ಪದ, ಎಲ್ಲ ಒಂದೇ ಜಾಗದಲ್ಲಿ ಸಿಗುತ್ತವೆ. ಹಕಾರದ ಪದ ಹುಡುಕುವಾಗ ಪಕಾರದ ಪುಟಕ್ಕೂ ಹೋಗಿ, ಅರ್ಧ ವಿಷಯ ಅಲ್ಲಿರುತ್ತದೆ.